ಮೀಟರು ಹೇಳದ ಗಂಟೆಗಳು: ಹಳೆಯ ಸೆಡಾನ್ ಕೊಳ್ಳಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಮನೆಗೊಂದು ಹಳೆಯ ಸೆಡಾನ್ ತರಬೇಕೆಂದು ಹಣ ಹೊಂದಿಸಿಕೊಳ್ಳುತ್ತಿರುವ ಕುಟುಂಬಗಳಿಗೆ,



ನಿಮ್ಮ ಲೆಕ್ಕಾಚಾರ ಏನೆಂದು ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಅವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬೇಕು. ಊರಿಗೆ ಹೊರಟರೆ ಸಾಮಾನೆಲ್ಲ ಡಿಕ್ಕಿಯಲ್ಲಿ ಹಿಡಿಯಬೇಕು. ಕೈಯಲ್ಲಿರುವುದು ಎರಡೂವರೆ ಲಕ್ಷವೋ ಮೂರು ಲಕ್ಷವೋ. ಆ ಹಣಕ್ಕೆ ಹೊಸ ಕಾರು ಬರುವುದಿಲ್ಲ, ಆದರೆ ಹತ್ತು ಹನ್ನೆರಡು ವರ್ಷ ಹಳೆಯ ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಮಾರುತಿ ಡಿಜೈರ್, ಎಸ್‌ಎಕ್ಸ್4, ಟೊಯೊಟಾ ಇಟಿಯೋಸ್, ಫೋಕ್ಸ್‌ವ್ಯಾಗನ್ ವೆಂಟೊ ಇವುಗಳಲ್ಲಿ ಒಂದು ಖಂಡಿತ ಸಿಗುತ್ತದೆ. ತಪ್ಪೇನೂ ಇಲ್ಲದ ಆಲೋಚನೆ. ಆದರೆ ನೋಡಲು ಹೋದ ಕಡೆಯಲ್ಲೆಲ್ಲ ನಿಮ್ಮ ಕಿವಿಗೆ ಬೀಳುವ ಮಾತು ಒಂದೇ: ಸಿಂಗಲ್ ಓನರ್, ಡಾಕ್ಟರ್ ಗಾಡಿ, ಜಯನಗರ ಬಿಟ್ಟು ಆಚೆ ಹೋಗಿಲ್ಲ, ಬರೀ ನಲವತ್ತೈದು ಸಾವಿರ ಕಿಲೋಮೀಟರ್. ಈ ಕೊನೆಯ ಮಾತಿಗಾಗಿ ನೀವು ಮೂವತ್ತೋ ನಲವತ್ತೋ ಸಾವಿರ ಹೆಚ್ಚು ಕೊಡಲು ಸಿದ್ಧರಾಗುತ್ತೀರಿ. ಅದನ್ನು ತಡೆಯುವುದಕ್ಕಾಗಿಯೇ ಈ ಪತ್ರ. ನಮ್ಮ ಬಡಾವಣೆಗಳಲ್ಲಿ ಓಡಿದ ಕಾರಿನ ಸವೆತವನ್ನು ಕಿಲೋಮೀಟರ್ ಹೇಳುವುದಿಲ್ಲ, ಅದರ ವಯಸ್ಸು ಮತ್ತು ಅದು ಚಾಲೂ ಇದ್ದ ಗಂಟೆಗಳು ಹೇಳುತ್ತವೆ. ಅವೆರಡನ್ನು ಲೆಕ್ಕಕ್ಕೆ ತಂದುಕೊಂಡರೆ ಮೊದಲ ವರ್ಷದ ರಿಪೇರಿಯೂ ಕಾರಿನ ಬೆಲೆಯ ಒಂದು ಭಾಗವೇ ಎಂಬುದು ತಾನಾಗಿ ಹೊರಬೀಳುತ್ತದೆ.

ಹಳ್ಳಿಯಲ್ಲಿ ಹಳೆಯ ಟ್ರ್ಯಾಕ್ಟರ್ ಕೊಳ್ಳುವ ರೈತ ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದಿಲ್ಲ, ಎಷ್ಟು ಗಂಟೆ ಆಗಿದೆ ಎಂದು ಕೇಳುತ್ತಾನೆ. ಜೆಸಿಬಿಗೂ ಜನರೇಟರಿಗೂ ಅದೇ ಅಳತೆ. ನಿಂತಲ್ಲೇ ದುಡಿಯುವ ಯಂತ್ರಕ್ಕೆ ದೂರದ ಲೆಕ್ಕ ಕೆಲಸಕ್ಕೆ ಬಾರದು ಎಂಬುದು ಅವನಿಗೆ ಗೊತ್ತು. ಬೆಂಗಳೂರಿನ ಕಾರೂ ಬಹುಮಟ್ಟಿಗೆ ನಿಂತಲ್ಲೇ ದುಡಿಯುವ ಯಂತ್ರ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಅಂದರೆ ಗಂಟೆಗೆ ಹೆಚ್ಚುಕಡಿಮೆ 20 ಕಿಲೋಮೀಟರ್. ಬಡಾವಣೆಯ ಅಡ್ಡರಸ್ತೆ, ಸಿಗ್ನಲ್, ಪಾರ್ಕಿಂಗ್ ಹುಡುಕಾಟ ಎಲ್ಲ ಸೇರಿಸಿ 15 ಎಂದು ಹಿಡಿಯಿರಿ. ಆಗ 45,000 ಕಿಲೋಮೀಟರ್ ತೋರಿಸುವ ಕಾರಿನ ಇಂಜಿನ್ ಓಡಿರುವುದು 3,000 ಗಂಟೆ. ಬೆಂಗಳೂರು ಮೈಸೂರು ರಸ್ತೆಯಲ್ಲಿ ಸರಾಸರಿ 60ರ ವೇಗದಲ್ಲಿ 1,20,000 ಕಿಲೋಮೀಟರ್ ಓಡಿದ ಇನ್ನೊಂದು ಕಾರಿನ ಇಂಜಿನ್ ಓಡಿರುವುದು 2,000 ಗಂಟೆ. ಮೀಟರ್ ನೋಡಿದರೆ ಎರಡನೆಯದು ಮುದುಕ, ಗಂಟೆ ನೋಡಿದರೆ ಮೊದಲನೆಯದು. ಕಾರು ಮಾಡುವ ಕಂಪನಿಗಳಿಗೂ ಇದು ತಿಳಿಯದ ವಿಷಯವಲ್ಲ. ನಿಂತು ನಿಂತು ಸಾಗುವ ಸಂಚಾರವನ್ನೂ ಪದೇ ಪದೇ ಮಾಡುವ ಸಣ್ಣ ಓಡಾಟವನ್ನೂ ಕಠಿಣ ಬಳಕೆ ಎಂದು ಬೇರೆಯಾಗಿ ಗುರುತಿಸಿ, ಅಂಥ ಕಾರಿಗೆ ಆಯಿಲ್ ಬೇಗ ಬದಲಿಸಿ ಎಂದು ಹಲವು ಕೈಪಿಡಿಗಳಲ್ಲಿ ಬರೆದಿರುತ್ತದೆ. ಆ ಪುಟವನ್ನು ಓದಿದವರು ಕಡಿಮೆ.

ಆ 3,000 ಗಂಟೆಗಳು ಎಲ್ಲಿ ಕಳೆದವು ಎಂಬುದೂ ಮುಖ್ಯ. ಜಯದೇವ ಮೇಲ್ಸೇತುವೆಯನ್ನು ಮೆಟ್ರೋಗಾಗಿ ಒಡೆಯಲು ಶುರುಮಾಡಿದ್ದು 2020ರ ಜನವರಿಯಲ್ಲಿ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗಿನ ಎರಡಂತಸ್ತಿನ ಸೇತುವೆಯ ಮೇಲೆ ವಾಹನ ಬಿಟ್ಟದ್ದು 2024ರ ಜುಲೈನಲ್ಲಿ. ಹಳದಿ ಮಾರ್ಗದ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಈ ನಡುವೆ ಮಾರೇನಹಳ್ಳಿ ರಸ್ತೆಯಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿ, ಬಿಟಿಎಂ ದಾಟಿ ಸಿಲ್ಕ್ ಬೋರ್ಡ್‌ವರೆಗೆ ಕಾರುಗಳು ಮೊದಲ ಗೇರಿನಲ್ಲಿ ತೆವಳಿವೆ. ತೆವಳುವ ಕಾರಿನಲ್ಲಿ ಮೊದಲು ಸವೆಯುವುದು ಕ್ಲಚ್ ಪ್ಲೇಟ್. ಪೆಡಲನ್ನು ಅರ್ಧ ಒತ್ತಿ ಅರ್ಧ ಬಿಟ್ಟು ಹತ್ತು ಮೀಟರ್ ಮುಂದೆ ಹೋಗುವಾಗ ಪ್ಲೇಟು ಪೂರ್ತಿ ಕಚ್ಚಿಕೊಳ್ಳದೆ ಉಜ್ಜುತ್ತಲೇ ಇರುತ್ತದೆ. ಹೆದ್ದಾರಿಯಲ್ಲಿ ಲಕ್ಷ ಕಿಲೋಮೀಟರ್ ಬಾಳುವ ಕ್ಲಚ್ ಇಲ್ಲಿ ಅದರ ಅರ್ಧಕ್ಕೇ ಸೋಲುವುದು ಅಚ್ಚರಿಯಲ್ಲ. ಎದುರಿನಿಂದ ಗಾಳಿ ಬೀಸದ ಕಾರಣ ರೇಡಿಯೇಟರ್ ಫ್ಯಾನ್ ನಿರಂತರ ತಿರುಗುತ್ತದೆ, ಎಸಿ ಕಂಪ್ರೆಸರ್ ಬಿಸಿ ಗಾಳಿಯಲ್ಲೇ ಏದುಸಿರು ಬಿಡುತ್ತದೆ, ಇಂಜಿನ್ ಮೌಂಟಿಂಗ್ ರಬ್ಬರು ಅಲುಗಾಟವನ್ನೆಲ್ಲ ನುಂಗುತ್ತಾ ಕುಗ್ಗುತ್ತದೆ. ಇವುಗಳಲ್ಲಿ ಒಂದೂ ಮೀಟರಿನಲ್ಲಿ ದಾಖಲಾಗುವುದಿಲ್ಲ. ಗಾಡಿಯನ್ನು ನೋಡುವಾಗ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಇಂಜಿನ್ ಕೂಡಲೇ ಆಫ್ ಆದರೆ ಕ್ಲಚ್ ಇನ್ನೂ ಹಿಡಿಯುತ್ತಿದೆ. ತಡವಾಗಿ ಆಫ್ ಆದರೆ, ಆಗದೇ ಇದ್ದರೆ, ಪ್ಲೇಟು ಮುಗಿದಿದೆ. ಒಮ್ಮೆ ಮಾತ್ರ ಮಾಡಿ, ಪದೇ ಪದೇ ಮಾಡಿದರೆ ಉಳಿದಿರುವ ಪ್ಲೇಟೂ ಸವೆಯುತ್ತದೆ.

ಇದು ಓಡಿದ ಕಾರಿನ ಕತೆ. ಓಡದೆ ನಿಂತ ಕಾರಿನದು ಇದಕ್ಕಿಂತ ಆತಂಕದ ಸಂಗತಿ. ಹನ್ನೆರಡು ವರ್ಷಕ್ಕೆ 45,000 ಎಂದರೆ ದಿನಕ್ಕೆ ಹತ್ತೇ ಕಿಲೋಮೀಟರ್. ಉಳಿದ ಇಪ್ಪತ್ತಮೂರು ಗಂಟೆ ಕಾರು ಮನೆಯೆದುರು ಮರದಡಿ ನಿಂತಿರುತ್ತದೆ. ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ, ಕ್ಯಾಲೆಂಡರ್ ಮಾತ್ರ ಗೊತ್ತು. ಕೂಲಂಟ್ ಹೋಸ್, ಬ್ರೇಕ್ ಹೋಸ್, ಲೋಯರ್ ಆರ್ಮ್ ಬುಷ್, ಬಾಗಿಲಿನ ಬೀಡಿಂಗ್, ವೈಪರ್ ಎಲ್ಲವೂ ವರ್ಷ ಕಳೆದಂತೆ ಒಣಗಿ ಬಿರುಕು ಬಿಡುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಾ ದುರ್ಬಲವಾಗುತ್ತದೆ. ಟೈರಿನ ಪಕ್ಕೆಯನ್ನು ಬಗ್ಗಿ ನೋಡಿ. ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಅದು 2316 ಎಂದಿದ್ದರೆ 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ಮೇಲ್ಮೈಯ ಗೀರುಗಳು ಆಳವಾಗಿವೆ, ಹೊಸದರಂತೆ ಕಾಣುತ್ತದೆ, ಮಾರುವವರು ಅದನ್ನೇ ತೋರಿಸಿ ಟೈರೆಲ್ಲ ಹೊಸದು ಎನ್ನುತ್ತಾರೆ. ಮಳೆಗಾಲದಲ್ಲಿ ಬ್ರೇಕ್ ಒತ್ತಿದಾಗ ಗಟ್ಟಿಯಾದ ಆ ರಬ್ಬರು ರಸ್ತೆಯನ್ನು ಹಿಡಿಯುವುದಿಲ್ಲ. ಮೇಲೆ ಥಳಕು, ಒಳಗೆ ಹುಳುಕು.

ಕಾಲವೊಂದೇ ಒಂದು ಭಾಗವನ್ನು ಎಷ್ಟು ಕೆಡಿಸಬಲ್ಲದು ಎಂಬುದಕ್ಕೆ ಜಗತ್ತೇ ಕಂಡ ಸಾಕ್ಷ್ಯ ಟಕಾಟಾ ಏರ್‌ಬ್ಯಾಗ್. ಈ ಜಪಾನಿ ಕಂಪನಿಯ ಏರ್‌ಬ್ಯಾಗನ್ನು ಉಬ್ಬಿಸುವ ಡಬ್ಬಿಯಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಕೆಡುತ್ತಿತ್ತು. ಅಪಘಾತವಾದಾಗ ಡಬ್ಬಿಯೇ ಒಡೆದು ಲೋಹದ ಚೂರುಗಳು ಚಾಲಕರ ಮುಖಕ್ಕೆ ಬಡಿದು ಹಲವು ದೇಶಗಳಲ್ಲಿ ಜನ ಸತ್ತರು. ಕಾರು ಎಷ್ಟು ಓಡಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಭಾರತದಲ್ಲಿ ಹೋಂಡಾ ಸಿಟಿ, ಸಿವಿಕ್, ಅಕಾರ್ಡ್, ಟೊಯೊಟಾ ಕೊರೊಲ್ಲಾ ಆಲ್ಟಿಸ್‌ಗಳ ಹಲವು ವರ್ಷಗಳ ಮಾಡೆಲ್‌ಗಳನ್ನು ಕಂಪನಿಗಳು ವಾಪಸ್ ಕರೆಸಿ ಉಚಿತವಾಗಿ ಆ ಭಾಗ ಬದಲಿಸಿಕೊಟ್ಟವು. ಎಲ್ಲರೂ ಹೋಗಿ ಬದಲಿಸಿಕೊಂಡಿದ್ದಾರೆ ಎಂದು ನಂಬಬೇಡಿ. ಕಡಿಮೆ ಓಡಿಸುವ ಹಿರಿಯರ ಕಾರುಗಳೇ ಇಂಥದ್ದರಲ್ಲಿ ತಪ್ಪಿಹೋಗುವ ಸಂಭವ ಹೆಚ್ಚು. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಆ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಕೊಟ್ಟರೆ ಬಾಕಿ ಇದೆಯೋ ಮುಗಿದಿದೆಯೋ ಹೇಳುತ್ತಾರೆ. ಮುಂಗಡ ಕೊಡುವ ಮೊದಲೇ ಇದನ್ನು ಮಾಡಿ.

ಸಣ್ಣ ಓಡಾಟದ ಇನ್ನೊಂದು ಕೆಡುಕು ಆಯಿಲ್ಲಿಗೆ ಸಂಬಂಧಿಸಿದ್ದು. ಮನೆಯಿಂದ ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ, ಅಲ್ಲಿಂದ ದೇವಸ್ಥಾನಕ್ಕೆ, ಮತ್ತೆ ಮನೆಗೆ. ಮೂರು ಕಿಲೋಮೀಟರಿನ ಈ ಸುತ್ತಿನಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫ್ ಆಗಿರುತ್ತದೆ. ಉರಿಯುವಾಗ ಹುಟ್ಟುವ ನೀರಾವಿ, ಉರಿಯದೆ ಉಳಿದ ಪೆಟ್ರೋಲ್ ಎರಡೂ ಆಯಿಲ್ಲಿನಲ್ಲಿ ಸೇರಿಕೊಂಡು, ಆವಿಯಾಗಿ ಹೋಗಲು ಶಾಖ ಸಾಲದೆ ಅಲ್ಲೇ ಉಳಿಯುತ್ತವೆ. ಇಂಜಿನ್ ತಣ್ಣಗಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದರ ಒಳಮೈ ನೋಡಿ. ಬರೀ ಎಣ್ಣೆಯ ಪಸೆ ಇದ್ದರೆ ಒಳ್ಳೆಯದು. ಹಾಲು ಹೆಚ್ಚಾದ ಕಾಫಿಯ ಬಣ್ಣದ ಜಿಗುಟು ನೊರೆ ಅಂಟಿಕೊಂಡಿದ್ದರೆ ಒಳಗೆ ನೀರು ಸೇರಿದೆ. ಅದು ಸಣ್ಣ ಓಡಾಟದ ನೀರಾವಿ ಇರಬಹುದು, ಹೆಡ್ ಗ್ಯಾಸ್ಕೆಟ್ ಒಡೆದು ಬಂದ ಕೂಲಂಟ್ ಕೂಡ ಇರಬಹುದು. ಎರಡನೆಯದಾದರೆ ಆ ಕಾರಿನ ತಂಟೆಗೆ ಹೋಗಬೇಡಿ. ಡೀಸೆಲ್ ಕಾರಿಗಂತೂ ಈ ಬಗೆಯ ಬಳಕೆ ವಿಷ. ಬಿಸಿಯಾಗದ ಡೀಸೆಲ್ ಇಂಜಿನ್ನಿನಲ್ಲಿ ಹೊಗೆಯನ್ನು ಒಳಕ್ಕೆ ಮರಳಿಸುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟುತ್ತದೆ, ಎಳೆತ ಕಡಿಮೆಯಾಗುತ್ತದೆ, ಹೊಗೆ ಹೆಚ್ಚುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಹಳೆಯ ಡೀಸೆಲ್ ಸೆಡಾನ್ ಯಾವ ಬೆಲೆಗೂ ಲಾಭವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಈಗ ನಮ್ಮ ಮರಗಳ ವಿಷಯಕ್ಕೆ ಬರುತ್ತೇನೆ. ಜಯನಗರ ಬನಶಂಕರಿಗಳ ಹೊಂಗೆ, ಗುಲ್‌ಮೊಹರ್, ಮಳೆಮರಗಳು ಈ ಊರಿನ ಭಾಗ್ಯ. ಅವುಗಳ ನೆರಳಲ್ಲಿ ನಿಂತ ಕಾರಿನ ಬಣ್ಣ ಬಿಸಿಲಿಗೆ ಕೆಡುವುದಿಲ್ಲ, ನಿಜ. ಆದರೆ ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ ಒಂದು ಜಾಲರಿ ಇದೆಯಲ್ಲ, ಅದರೊಳಗೆ ಎಲೆ, ಹೂವು, ಕಡ್ಡಿ ಬಿದ್ದು ಕೊಳೆಯುತ್ತವೆ. ಮಳೆನೀರು ಇಳಿದು ಹೋಗಬೇಕಾದ ಸಣ್ಣ ತೂತು ಕಟ್ಟಿಕೊಂಡಾಗ ನೀರು ಒಳಗಿನ ದಾರಿ ಹಿಡಿಯುತ್ತದೆ. ಎಸಿ ಬ್ಲೋವರ್ ಮೋಟಾರಿಗೆ, ಅಲ್ಲಿಂದ ಕಾಲಡಿಯ ಕಾರ್ಪೆಟ್ಟಿಗೆ. ಬಾಗಿಲು ತೆಗೆದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ ಬಂದರೆ, ಮುಂದಿನ ಸೀಟಿನ ಮ್ಯಾಟ್ ಎತ್ತಿ ಅದರ ಕೆಳಗಿನ ಕಾರ್ಪೆಟ್ಟನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಅಂಗೈ ತಣ್ಣಗಾದರೆ ಅಡಿಯ ಸ್ಪಂಜಿನಲ್ಲಿ ನೀರಿದೆ. ಹಲವು ಕಾರುಗಳಲ್ಲಿ ವೈರಿಂಗ್ ಕಟ್ಟು ಆ ಸ್ಪಂಜಿನ ಅಡಿಯಲ್ಲೇ ಹಾದುಹೋಗುತ್ತದೆ. ಅದು ಒದ್ದೆಯಾದರೆ ಹಾರ್ನ್ ಒಮ್ಮೆ ಮೊಳಗುತ್ತದೆ ಒಮ್ಮೆ ಇಲ್ಲ, ಪವರ್ ವಿಂಡೋ ತನಗಿಷ್ಟ ಬಂದಾಗ ಇಳಿಯುತ್ತದೆ, ಚೆಕ್ ಇಂಜಿನ್ ದೀಪ ಉರಿದು ಆರುತ್ತದೆ. ಇಂಥ ಕಾಯಿಲೆಯ ಮೂಲ ಹುಡುಕಲು ಎಲೆಕ್ಟ್ರಿಷಿಯನ್ನರಿಗೆ ಎರಡು ಮೂರು ದಿನ ಹಿಡಿಯುತ್ತದೆ, ಲೇಬರ್ ಚಾರ್ಜ್ ಅದಕ್ಕೆ ತಕ್ಕಂತೆ ಏರುತ್ತದೆ. ಇದರ ಜೊತೆಗೆ ಇಲಿ. ವಾರಗಟ್ಟಲೆ ಕದಲದ ಕಾರಿನ ಬಾನೆಟ್ಟಿನೊಳಗೆ ಇಲಿಗೆ ಬೆಚ್ಚನೆಯ ಮನೆ. ಬಾನೆಟ್ ತೆರೆದಾಗ ತೆಂಗಿನ ಚೂರು, ಹತ್ತಿ, ಹಿಕ್ಕೆ, ಕಪ್ಪು ಟೇಪು ಸುತ್ತಿದ ವೈರುಗಳು ಕಂಡರೆ ಮಾರುವವರನ್ನು ನೇರವಾಗಿ ಕೇಳಿ.

ಮಳೆಯೂ ನೀರು ನಿಲ್ಲುವ ತಗ್ಗು ಪ್ರದೇಶವೂ ಪ್ರತ್ಯೇಕ ಅಧ್ಯಾಯ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕಾರುಗಳು ಮುಳುಗಿದ್ದನ್ನು ದೇಶವೇ ನೋಡಿತು. 2025ರ ಮೇ ತಿಂಗಳ ಮಳೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನೂ ಬಿಟಿಎಂನ ಭಾಗಗಳೂ ಕೆರೆಯಾದವು. ನೀರಿನಲ್ಲಿ ಇಂಜಿನ್ ಚಾಲೂ ಇದ್ದು ಗಾಳಿ ಎಳೆಯುವ ಕೊಳವೆಯಿಂದ ನೀರು ಒಳಗೆ ಹೋದರೆ ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಲಾರದು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಹಾಗಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ಸಾಮಾನ್ಯ ವಿಮೆ ಇದನ್ನು ಭರಿಸುವುದಿಲ್ಲ, ಇಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು, ಹಳೆಯ ಕಾರಿಗೆ ಅದನ್ನು ಕೊಡುವವರು ಅಪರೂಪ. ವಿಮೆಯ ಮಾತು ಬಂದಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷ ದಾಟಿದ ಕಾರಿಗೆ ಅಪಘಾತವಾಗಿ ಲೋಹದ ಭಾಗ ಬದಲಿಸಿದರೆ ಅದರ ಬೆಲೆಯಲ್ಲಿ ಶೇ. 50ರಷ್ಟನ್ನು ಸವಕಳಿಯೆಂದು ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರುಗಳಿಗೆ ವಯಸ್ಸು ಎಷ್ಟೇ ಇರಲಿ ಶೇ. 50. ಬಂಪರ್ ಹೋದರೆ ಅರ್ಧ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಮುಳುಗಿದ ಗುರುತು ಹುಡುಕಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ.

ರೇಡಿಯೇಟರಿಗೆ ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕುವ ಚಾಳಿಯನ್ನು ಮರೆಯಬಾರದು. ನಮ್ಮ ಬೋರ್ ನೀರಿನ ಗಡಸುತನ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರದಲ್ಲಿ ನಿಮಗೆಲ್ಲ ಗೊತ್ತಿದೆ. ಅದೇ ಪದರ ರೇಡಿಯೇಟರಿನ ಸೂಕ್ಷ್ಮ ಕೊಳವೆಗಳಲ್ಲಿ ಕಟ್ಟುತ್ತದೆ, ಇಂಜಿನ್ ಬಿಸಿಯೇರುತ್ತದೆ, ಕೊನೆಗೆ ಹೆಡ್ ಗ್ಯಾಸ್ಕೆಟ್ಟಿಗೆ ಕುತ್ತು ಬರುತ್ತದೆ. ತಣ್ಣಗಿರುವ ಇಂಜಿನ್ನಿನ ಕೂಲಂಟ್ ಡಬ್ಬಿಯಲ್ಲಿ ಹಸಿರೋ ಕೆಂಪೋ ಗುಲಾಬಿಯೋ ಬಣ್ಣದ ದ್ರವ ಇರಬೇಕು. ತುಕ್ಕಿನ ಬಣ್ಣದ ನೀರಿದ್ದರೆ ಉಳಿದ ಸರ್ವೀಸ್ ಹೇಗೆ ನಡೆದಿರಬಹುದೆಂದು ನೀವೇ ಊಹಿಸಿ.

ಇದೆಲ್ಲ ದುಡ್ಡಿನಲ್ಲಿ ಎಷ್ಟಾಗುತ್ತದೆ? ಅಂಗಡಿಗೂ ಮಾಡೆಲ್ಲಿಗೂ ತಕ್ಕಂತೆ ದರ ಬೇರೆಯಾಗುತ್ತದೆ, ಆದ್ದರಿಂದ ಇವನ್ನು ಅಂದಾಜೆಂದೇ ತೆಗೆದುಕೊಳ್ಳಿ. ಮಧ್ಯಮ ಗಾತ್ರದ ಪೆಟ್ರೋಲ್ ಸೆಡಾನಿಗೆ ಹೊರಗಿನ ನಂಬಿಕೆಯ ಗ್ಯಾರೇಜಿನಲ್ಲಿ ನಾಲ್ಕು ಟೈರಿಗೆ 18ರಿಂದ 25 ಸಾವಿರ, ಬ್ಯಾಟರಿಗೆ 4ರಿಂದ 6 ಸಾವಿರ, ಎಲ್ಲ ಆಯಿಲ್ಲು, ಕೂಲಂಟ್, ಫಿಲ್ಟರ್, ಬೆಲ್ಟ್ ಬದಲಿಸಿ ಜನರಲ್ ಸರ್ವೀಸ್ ಮಾಡಿಸಲು 8ರಿಂದ 12 ಸಾವಿರ, ಲೋಯರ್ ಆರ್ಮ್, ಬುಷ್, ಲಿಂಕ್ ರಾಡ್, ಅಗತ್ಯ ಬಿದ್ದರೆ ಮುಂದಿನ ಶಾಕ್ ಅಬ್ಸಾರ್ಬರ್ ಸೇರಿ 12ರಿಂದ 25 ಸಾವಿರ, ಕ್ಲಚ್ ಸೆಟ್ ಲೇಬರ್ ಸಮೇತ 10ರಿಂದ 18 ಸಾವಿರ. ಕೂಡಿದರೆ 52 ಸಾವಿರದಿಂದ 86 ಸಾವಿರ. ಎಸಿಯ ಕೂಲಿಂಗ್ ಕಾಯಿಲ್ ಸೋರುತ್ತಿದ್ದರೆ ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು, ಆ ಖರ್ಚು ಬೇರೆ. ಈ ಪಟ್ಟಿಯಲ್ಲಿ ಸಸ್ಪೆನ್ಷನ್ ಬಗ್ಗೆ ಒಂದು ಮಾತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಉಬ್ಬು 10 ಸೆಂ.ಮೀ. ಎತ್ತರಕ್ಕೆ 3.7 ಮೀಟರ್ ಅಗಲ ಇರಬೇಕು, ಕಾರು ಅದರ ಮೇಲೆ ಹತ್ತಿ ಇಳಿಯಬೇಕು. ನಮ್ಮ ಅಡ್ಡರಸ್ತೆಗಳಲ್ಲಿ ಅಷ್ಟೇ ಎತ್ತರವನ್ನು ಒಂದು ಮೊಳದ ಅಗಲದಲ್ಲಿ ಕಟ್ಟಿರುತ್ತಾರೆ. ನೆಲದಿಂದ 165 ಮಿ.ಮೀ. ಆಸುಪಾಸು ಎತ್ತರವಿರುವ ಸೆಡಾನ್, ಹಿಂದೆ ಮೂವರು ಕೂತಾಗ ಇನ್ನಷ್ಟು ಕುಸಿದು, ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜುತ್ತದೆ. ಗಾಡಿಯನ್ನು ಉಬ್ಬಿನ ಮೇಲೆ ನಿಧಾನವಾಗಿ ಹತ್ತಿಸಿ, ರೇಡಿಯೋ ಆಫ್ ಮಾಡಿ ಕೇಳಿ. ಟಕ್ ಎಂಬ ಒಣ ಸದ್ದು ಲಿಂಕ್ ರಾಡ್‌ನದು, ಕಿರ್ ಎಂಬುದು ಒಣಗಿದ ಬುಷ್‌ನದು.

ಇಲ್ಲಿಗೆ ನಿಮ್ಮಲ್ಲಿ ಕೆಲವರು, ಇದೆಲ್ಲ ಬೇರೆ ಕಾರಿಗೆ, ಹೋಂಡಾಗೂ ಟೊಯೊಟಾಗೂ ಏನೂ ಆಗುವುದಿಲ್ಲ ಎನ್ನುತ್ತೀರಿ. ಅರ್ಧ ಒಪ್ಪುತ್ತೇನೆ. ಸಿಟಿಯ ಪೆಟ್ರೋಲ್ ಇಂಜಿನ್ನೂ, ಬಿಡದಿಯಲ್ಲಿ ತಯಾರಾಗಿ 2010ರ ಕೊನೆಯಿಂದ 2020ರವರೆಗೆ ಮಾರಾಟವಾದ ಇಟಿಯೋಸ್‌ನ ಇಂಜಿನ್ನೂ ಗಟ್ಟಿ. ಆದರೆ ಮೇಲಿನ ಪಟ್ಟಿಯಲ್ಲಿ ಇಂಜಿನ್ ಎಲ್ಲಿದೆ? ಟೈರು, ಬುಷ್, ಹೋಸ್, ಬ್ಯಾಟರಿಗಳು ಬ್ರ್ಯಾಂಡ್ ನೋಡಿ ಹಳತಾಗುವುದಿಲ್ಲ. ಬ್ರ್ಯಾಂಡ್ ನಿಜಕ್ಕೂ ವ್ಯತ್ಯಾಸ ಮಾಡುವುದು ಬೇರೆ ಕಡೆ, ಭಾಗಗಳು ಸಿಗುವ ವಿಷಯದಲ್ಲಿ. ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ಉತ್ಪಾದನೆ ನಿಲ್ಲಿಸುವುದಾಗಿ ಘೋಷಿಸಿತು, ಫಿಯೆಟ್ ಕಾರುಗಳೂ ಮರೆಯಾದವು. ಫಿಯೆಟ್ ಲೀನಿಯಾ ಡೀಸೆಲ್ಲಿನ 1.3 ಲೀಟರ್ ಇಂಜಿನ್ನೇ ಡಿಜೈರ್‌ನಲ್ಲೂ ಇರುವುದರಿಂದ ಇಂಜಿನ್ ಭಾಗಕ್ಕೆ ತೊಂದರೆಯಿಲ್ಲ, ಆದರೆ ಅದರ ಹೆಡ್‌ಲೈಟೋ ಬಾಗಿಲಿನ ಹಿಡಿಕೆಯೋ ಮುರಿದರೆ ಗುಜರಿಯಲ್ಲೇ ಹುಡುಕಬೇಕು. ವೆಂಟೊದ 1.6 ಡೀಸೆಲ್ಲಿನ ಟೈಮಿಂಗ್ ಬೆಲ್ಟಿಗೆ ಕಿಲೋಮೀಟರ್ ಜೊತೆ ವಯಸ್ಸಿನ ಮಿತಿಯೂ ಇದೆ, ಕಡಿಮೆ ಓಡಿದೆಯೆಂದು ಬಿಟ್ಟರೆ ಒಂದು ದಿನ ತುಂಡಾಗಿ ವಾಲ್ವ್‌ಗಳನ್ನು ಬಾಗಿಸುತ್ತದೆ. ವೆಂಟೊ ಮತ್ತು ಸ್ಕೋಡಾ ರ‍್ಯಾಪಿಡ್‌ಗಳ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್‌ನ ಒಣ ಕ್ಲಚ್ ಸಿಲ್ಕ್ ಬೋರ್ಡ್‌ನಂಥ ತೆವಳಾಟಕ್ಕೆ ಹೇಳಿ ಮಾಡಿಸಿದ್ದಲ್ಲ, ಅದು ಕೆಟ್ಟರೆ ಬಿಲ್ ಲಕ್ಷ ದಾಟಬಹುದು.

ಇನ್ನು ಕೆಲವರ ವಾದ, ನಾವು ದೊಡ್ಡ ಕಂಪನಿಯಿಂದ ತಪಾಸಣೆಯಾದ, ವಾರಂಟಿ ಇರುವ ಕಾರನ್ನೇ ಕೊಳ್ಳುತ್ತೇವೆ, ಆಗ ಈ ಚಿಂತೆಯೆಲ್ಲ ಅವರದು ಎಂದು. ವಾರಂಟಿ ಕಾಗದವನ್ನು ಸಾವಧಾನವಾಗಿ ಓದಿ. ಇಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಭರವಸೆ ಕೊಟ್ಟು, ಸಹಜ ಸವೆತದ ಭಾಗಗಳನ್ನು ಹೊರಗಿಡುವುದು ಇಂಥ ವಾರಂಟಿಗಳ ಸಾಮಾನ್ಯ ಕ್ರಮ. ಕ್ಲಚ್, ಟೈರು, ಬ್ಯಾಟರಿ, ಬುಷ್ ಎಲ್ಲ ಆ ಹೊರಗಿನ ಪಟ್ಟಿಯಲ್ಲೇ ಬರುತ್ತವೆ. ನೀವು ಖರ್ಚು ಮಾಡಲಿರುವುದು ಅಲ್ಲೇ. ತಪಾಸಣೆ ಬೇಡವೆನ್ನುತ್ತಿಲ್ಲ, ನೀವೇ ಆರಿಸಿದ ಮೆಕ್ಯಾನಿಕ್ ಗಾಡಿಯನ್ನು ಲಿಫ್ಟಿನ ಮೇಲೆ ಹಾಕಿ ನೋಡಿ ಕೊಡುವ ಬರಹವೇ ಹೆಚ್ಚು ಬೆಲೆಯುಳ್ಳದ್ದು. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಈಗ ಕಷ್ಟದ ಕೆಲಸವಲ್ಲ, ಆದ್ದರಿಂದ ಅಧಿಕೃತ ಸರ್ವೀಸ್ ಸೆಂಟರಿನ ದಾಖಲೆಯನ್ನು ಮಾಲೀಕರ ಮೂಲಕ ತರಿಸಿಕೊಳ್ಳಿ.

ಅಷ್ಟೆಲ್ಲ ತಲೆನೋವಿದ್ದರೆ ಸಾಲ ಮಾಡಿ ಹೊಸದನ್ನೇ ಕೊಳ್ಳಬಾರದೇಕೆ? ಇದು ಗಟ್ಟಿ ಪ್ರಶ್ನೆ, ಅದರಲ್ಲೂ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದ ಮೇಲೆ. ಆದರೆ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 5ರಿಂದ 10 ಲಕ್ಷದ ಕಾರಿಗೆ ಶೇ. 14. ಎಂಟು ಲಕ್ಷದ ಕಾರಿಗೆ 1,12,000 ರೂಪಾಯಿ ತೆರಿಗೆಗೇ ಹೋಗುತ್ತದೆ, ಅದರ ಮೇಲೆ ಸೆಸ್ ಬೇರೆ. ಹಳೆಯ ಸೆಡಾನಿನ ಮೊದಲ ವರ್ಷದ ಇಡೀ ರಿಪೇರಿ ಖರ್ಚು ಇದಕ್ಕಿಂತ ಕಡಿಮೆ. ಹಳೆಯ ಕಾರಿಗೆ ಆ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿಬಿಟ್ಟಿದ್ದಾರೆ. ಅದೇ ದಿನದಿಂದ ಬಿಡಿಭಾಗಗಳ ಜಿಎಸ್‌ಟಿಯೂ 28ರಿಂದ 18ಕ್ಕೆ ಇಳಿದಿದೆ. ಹಾಗಾಗಿ ಹಳೆಯ ಸೆಡಾನ್ ಈಗಲೂ ವಿವೇಕದ ಆಯ್ಕೆಯೇ. ಮೂರು ಲಕ್ಷ ಕೈಯಲ್ಲಿದ್ದರೆ ಮೂರು ಲಕ್ಷದ ಕಾರು ನೋಡುವುದಷ್ಟೇ ತಪ್ಪು. ಎರಡು ಲಕ್ಷ ಮೂವತ್ತು ಸಾವಿರದ ಕಾರು ನೋಡಿ, ಎಪ್ಪತ್ತು ಸಾವಿರವನ್ನು ಮುಟ್ಟದೆ ಇಟ್ಟುಕೊಳ್ಳಿ. ಚೌಕಾಸಿಗೆ ಕೂತಾಗ ಮೆಕ್ಯಾನಿಕ್ ಬರೆದುಕೊಟ್ಟ ಪಟ್ಟಿಯನ್ನು ಮುಂದಿಡಿ. ಹೀಗೆ ದರ ಇಳಿಸಲು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಕಾಗದಪತ್ರದಲ್ಲೂ ವಯಸ್ಸೇ ಮುಖ್ಯ. ಹದಿನೈದು ವರ್ಷ ತುಂಬಿದ ಕಾರಿಗೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಆರ್‌ಸಿ ನವೀಕರಣದ ಶುಲ್ಕ 5,000 ರೂಪಾಯಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ಹದಿಮೂರು ವರ್ಷದ ಕಾರು ಕೊಂಡರೆ ಎರಡೇ ವರ್ಷದಲ್ಲಿ ಆ ಖರ್ಚು ನಿಮ್ಮದು. ಡಿಎಲ್, ಎಚ್‌ಆರ್ ನಂಬರಿನ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ದೆಹಲಿ ಸುತ್ತಮುತ್ತ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದದ್ದರಿಂದ ಅವು ದಕ್ಷಿಣಕ್ಕೆ ಬರುತ್ತವೆ, ಇಲ್ಲಿ ಅವಕ್ಕೆ ಜೀವಾವಧಿ ತೆರಿಗೆ ಕಟ್ಟಬೇಕು. ಇಟಿಯೋಸ್, ಡಿಜೈರ್ ನೋಡುವಾಗ ಹಿಂದೆ ಹಳದಿ ಬೋರ್ಡಿನಲ್ಲಿ ಓಡಿ ಬಿಳಿಗೆ ಬದಲಾದದ್ದೇ ಎಂದು ಆರ್‌ಟಿಒ ದಾಖಲೆಯಲ್ಲಿ ಪರೀಕ್ಷಿಸಿ. ಪೆಟ್ರೋಲಿನ ವಿಷಯವೂ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್, ನೀವು ಕೊಳ್ಳಲಿರುವ ಕಾರು ಅದಕ್ಕೆಂದು ತಯಾರಾದದ್ದಲ್ಲ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳ ಮೈಲೇಜು ಶೇ. 6ರಿಂದ 7 ಕುಸಿಯಬಹುದು ಎಂದಿತ್ತು. ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರಿನ ಬಳಿಕ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೂ 2025ರಲ್ಲಿ ಒಪ್ಪಿತು. ಪೆಟ್ರೋಲ್ ಹೋಸ್‌ಗಳನ್ನು ಮೊದಲ ಸರ್ವೀಸಿನಲ್ಲೇ ಹೊಸದು ಹಾಕಿಸಿ, ದೊಡ್ಡ ಖರ್ಚಲ್ಲ.

ಕಾರು ಮನೆಗೆ ಬಂದ ಮೇಲೆ ಗ್ಯಾರೇಜಿನವರೊಡನೆ ಮೊದಲ ದಿನವೇ ಮೂರು ಮಾತು ಆಡಿಕೊಳ್ಳಿ: ಬದಲಿಸಿದ ಹಳೆಯ ಭಾಗವನ್ನು ತೋರಿಸಬೇಕು, ಹೊಸ ಭಾಗದ ಡಬ್ಬಿಯನ್ನು ಕೊಡಬೇಕು, ಬಿಲ್ಲಿನಲ್ಲಿ ಭಾಗದ ಬೆಲೆಯೂ ಲೇಬರ್ ಚಾರ್ಜೂ ಬೇರೆ ಬೇರೆ ಇರಬೇಕು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದೇ ಬುಷ್‌ಗೆ ಕಂಪನಿಯದು, ಕಂಪನಿಗೆ ಸರಬರಾಜು ಮಾಡುವವರದು, ಡೂಪ್ಲಿಕೇಟ್ ಎಂದು ಮೂರು ದರ ಇರುತ್ತದೆ. ಎರಡನೆಯದು ಬಹುಪಾಲು ಸಾಕು, ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳಿಗೆ ಮಾತ್ರ ಮೊದಲನೆಯದನ್ನೇ ಕೇಳಿ. ಗುಜರಿಯ ಭಾಗ ಗಾಜು, ಬಾಗಿಲು, ದೀಪಕ್ಕೆ ಸರಿ, ರಬ್ಬರಿಗೂ ಬ್ರೇಕಿಗೂ ಸಲ್ಲದು. ಒಳ್ಳೆಯ ಮೆಕ್ಯಾನಿಕ್‌ಗಳು ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ, ಕೇಳುವ ಗಿರಾಕಿ ಅವರಿಗೂ ಬೇಕು. ಮತ್ತೆ, ಇಷ್ಟೆಲ್ಲ ಮಾಡಿಸಿದ ಕಾರನ್ನು ಮೊದಲಿನವರಂತೆ ಮರದಡಿ ನಿಲ್ಲಿಸಿಬಿಡಬೇಡಿ. ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವಾಗ, ಕನಕಪುರ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಓಡಿಸಿಕೊಂಡು ಬನ್ನಿ, ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಹೊರಡುವ ಮೊದಲು ವೈಪರ್ ಬುಡದ ಎಲೆಗಳನ್ನು ಕೈಯಿಂದ ತೆಗೆಯಿರಿ.

ಇಂತಿ,
ನಿಮ್ಮ ಬಡಾವಣೆಯ ಹಿತೈಷಿ